ಮಾರುವ ಮನೆಗೆ ಬಣ್ಣ ಹಚ್ಚಬೇಕಾ, ಟೈಲ್ಸ್ ಹಾಕಿಸಬೇಕಾ, ಇದ್ದ ಹಾಗೇ ಕೊಡಬೇಕಾ?

ಧಾರವಾಡದ ನಮ್ಮ ತಂದೆಯ ಮನೆ ಮಾರುವುದು ಅಂತ ತೀರ್ಮಾನ ಆದ ದಿನ ಮನೆಯಲ್ಲಿ ಮೂರು ಮಾತು ಹುಟ್ಟಿದವು. "ಇದ್ದಂಗ ಕೊಟ್ಟಬಿಡೋಣು, ತಗೊಂಡವ್ರು ಹೆಂಗೂ ತಮಗ ಬೇಕಾದಂಗ ಮಾಡ್ಕೋತಾರ" ಅಂದ ಅಣ್ಣ. "ಸುಣ್ಣ-ಬಣ್ಣ ಆದ್ರೂ ಮಾಡಸ್ರೀ, ಬಂದವ್ರ ಮುಂದ ಹಿಂಗ ತೋರ್ಸೂದು ಚಲೋ ಅಲ್ಲ" ಅಂದರು ಅತ್ತಿಗೆ. ನನ್ನ ಆಸೆ ಇನ್ನೂ ದೊಡ್ಡದಿತ್ತು. ಅಡುಗೆಮನೆಯ ಕಡಪಾ ಕಟ್ಟೆ ತೆಗೆಸಿ ಗ್ರಾನೈಟ್ ಹಾಕಿಸಬೇಕು, ಬಚ್ಚಲಿಗೆ ಹೊಸ ಟೈಲ್ಸ್, ಪಡಸಾಲೆಗೆ ಫಾಲ್ಸ್ ಸೀಲಿಂಗ್. ನಾಲ್ಕೈದು ಲಕ್ಷ ಹಾಕಿದರೆ ಎಂಟು-ಹತ್ತು ಲಕ್ಷ ಬರುತ್ತದೆ ಅಂತ ಲೆಕ್ಕ ಹಾಕಿದ್ದೆ.

ಆ ಮನೆ ಮಾರಿ ಆಯಿತು. ಆಮೇಲೆ ಹುಬ್ಬಳ್ಳಿಯಲ್ಲಿ ತಂಗಿಯ ಫ್ಲಾಟ್, ಗದಗದಲ್ಲಿ ಸೋದರಮಾವನ ಹಳೆ ಮನೆ ಮಾರುವಾಗಲೂ ನಾನೇ ಓಡಾಡಿದೆ. ಒಂದೇ ಪ್ರಶ್ನೆಗೆ ಮೂರು ಕಡೆ ಮೂರು ಉತ್ತರ ಸಿಕ್ಕವು. ಗದಗದಲ್ಲಿ ಅಣ್ಣನ ಮಾತು ಸರಿ ಹೋಯಿತು, ಹುಬ್ಬಳ್ಳಿಯಲ್ಲಿ ಅತ್ತಿಗೆಯ ಮಾತು. ನನ್ನ ಲೆಕ್ಕ ಮಾತ್ರ ಎಲ್ಲೂ ಕೂಡಲಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಮನೆ ಹೇಗಿದೆ ಅಂತ ನೋಡಿ ಖರ್ಚು ಮಾಡಬೇಡಿ. ಕೊಳ್ಳಲು ಬರುವವರು ಯಾರು ಅಂತ ನೋಡಿ ಖರ್ಚು ಮಾಡಿ.

ಒಂದು ಅಜ್ಜಿ, ಒಂದು ಗೋಡೆ

ಧಾರವಾಡದ ಮನೆಯಲ್ಲಿ ನಾವು ಎಡವಿದ್ದು ಎಲ್ಲಿ ಅಂತ ಮೊದಲು ಹೇಳುತ್ತೇನೆ. ಮೇ ತಿಂಗಳ ಕೊನೆಯ ವಾರ ಅವಸರ ಮಾಡಿ ಪೇಂಟರ್ ಕರೆಸಿದೆವು. ಪಡಸಾಲೆಯ ಪಡುವಣ ಗೋಡೆಯಲ್ಲಿ, ಕಪಾಟಿನ ಹಿಂದೆ, ಮೊಳದಗಲ ಹಸಿ ಹಿಡಿದಿತ್ತು. ಆ ಗೋಡೆಯ ಆಚೆಗೆ ಬಚ್ಚಲು. ಒಳಗಿನ ಪೈಪು ಎಲ್ಲೋ ಜಿನುಗುತ್ತಿತ್ತು. ಗೌಂಡಿ ಬಂದು ನೋಡಿ, ಗೋಡೆ ಒಡೆದು ಪೈಪು ಬದಲಿಸಿ ಮತ್ತೆ ಗಿಲಾವು (ಪ್ಲಾಸ್ಟರ್) ಮಾಡಲು 18,000 ರೂಪಾಯಿ ಕೇಳಿದ. ಮಾರುವ ಮನೆಗೆ ಯಾಕೆ ಸುಮ್ನೆ ಅಂತ ಬಿಟ್ಟೆವು. ಹಸಿ ಜಾಗದ ಮೇಲೇ ಪುಟ್ಟಿ ಎಳೆಸಿ ಎರಡು ಕೋಟ್ ಬಣ್ಣ ಹೊಡೆಸಿದೆವು. ಇಡೀ ಮನೆಯ ಬಣ್ಣಕ್ಕೆ 62,000 ಆಯಿತು.

ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದ ಒಂದು ಭಾನುವಾರ ಒಂದು ಕುಟುಂಬ ಮನೆ ನೋಡಲು ಬಂತು. ಗಂಡ-ಹೆಂಡತಿ ಇಬ್ಬರೂ ನೌಕರಿಯವರು, ಜೊತೆಗೆ ಅಜ್ಜಿ. ಮಗ-ಸೊಸೆ ನಮ್ಮ ಜೊತೆ ರೇಟು ಮಾತಾಡುತ್ತಿದ್ದರು. ಅಜ್ಜಿ ಮಾತಾಡಲಿಲ್ಲ. ಗೋಡೆಗುಂಟ ನಿಧಾನಕ್ಕೆ ನಡೆಯುತ್ತ ಹೋದರು. ಕಪಾಟು ಇದ್ದ ಜಾಗದಲ್ಲಿ ನಿಂತರು. ಅಲ್ಲಿ ಬಣ್ಣ ಹಪ್ಪಳದ ಹಾಗೆ ಉಬ್ಬಿತ್ತು. ಬೆರಳ ತುದಿಯಿಂದ ಒತ್ತಿದರು. ಹಪ್ಪಳ ಒಡೆದು ಒಳಗಿನ ಪುಟ್ಟಿ ಹಿಟ್ಟಿನ ಹಾಗೆ ಅವರ ಸೆರಗಿನ ಮೇಲೆ ಉದುರಿತು.

"ಇದನ್ನ ಮುಚ್ಚಾಕ ಬಣ್ಣ ಹಚ್ಚೀರೇನ್ರೀ ತಮ್ಮಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಾದ ಮೇಲೆ ಅವರು ಮಾಳಿಗೆ ಹತ್ತಿ ನೋಡಿದರು, ಎಲ್ಲ ನಲ್ಲಿ ತಿರುಗಿಸಿದರು, ಕಾಗದಪತ್ರದ ಮೇಲೂ ಅನುಮಾನ ಪಟ್ಟರು. ಕೇಳಿದ ರೇಟಿಗಿಂತ 3 ಲಕ್ಷ ಇಳಿಸಿ ಹೇಳಿ ಹೋದರು, ಮತ್ತೆ ಫೋನ್ ಮಾಡಲಿಲ್ಲ. ಕೊನೆಗೆ ಆ ಗೋಡೆ ಒಡೆಸಿ ಸರಿ ಮಾಡಿಸಿ, ಮತ್ತೆ ಬಣ್ಣ ಹಚ್ಚಿಸಿ, ದಸರೆಯ ಹೊತ್ತಿಗೆ ಬೇರೆಯವರಿಗೆ ಕೊಟ್ಟೆವು. ಹಳೆ ಬಣ್ಣದ ಮನೆಯಲ್ಲಿ ಹಸಿ ಗೋಡೆ ಕಂಡರೆ ಕೊಳ್ಳುವವರು ರಿಪೇರಿ ಖರ್ಚು ಲೆಕ್ಕ ಹಾಕುತ್ತಾರೆ. ಹೊಸ ಬಣ್ಣದ ಕೆಳಗೆ ಅದೇ ಗೋಡೆ ಕಂಡರೆ ನಿಮ್ಮನ್ನೇ ಅಳೆಯುತ್ತಾರೆ. ಬಣ್ಣವೇ ಹಚ್ಚದಿದ್ದರೆ ನಮಗೆ ಅಷ್ಟು ನಷ್ಟ ಆಗುತ್ತಿರಲಿಲ್ಲ.

ನಿಮ್ಮ ಮನೆಗೆ ಬರುವವರು ಯಾರು?

ನಮ್ಮ ಕಡೆ ಸ್ವತಂತ್ರ ಮನೆ ಮಾರುವಾಗ ರೇಟಿನಲ್ಲಿ ದೊಡ್ಡ ಪಾಲು ಜಾಗದ್ದು. ಕಟ್ಟಡಕ್ಕೆ ವರ್ಷ ಆದಷ್ಟೂ ಬೆಲೆ ಇಳಿಯುತ್ತದೆ, ಜಾಗಕ್ಕೆ ಏರುತ್ತದೆ. ಹಳೇ ಹುಬ್ಬಳ್ಳಿ, ಹೊಸಯಲ್ಲಾಪುರ, ಮಾಳಮಡ್ಡಿ, ಗದಗ-ಬೆಟಗೇರಿಯ ಹಳೆ ಓಣಿಗಳಲ್ಲಿ ಐವತ್ತು-ಅರವತ್ತು ವರ್ಷದ ಹಂಚಿನ ಮನೆ ಮಾರಲು ಇಟ್ಟರೆ ಬರುವವರು ಬಹುತೇಕ ಕೆಡವಿ ಕಟ್ಟುವವರೇ. ಅವರು "ಗುಂಟೆಗೆ ಎಷ್ಟು?" ಅಂತ ಕೇಳುತ್ತಾರೆ. ಒಂದು ಗುಂಟೆ ಅಂದರೆ 1089 ಚದರಡಿ. ಅವರ ಲೆಕ್ಕದಲ್ಲಿ ನಿಮ್ಮ ಗೋಡೆಗೆ ಬೆಲೆ ಇಲ್ಲ. ಕೆಡವುವ ಖರ್ಚು ಅಂತ ಇನ್ನಷ್ಟು ಕಳೆಯುತ್ತಾರೆ. ಇಂಥ ಮನೆಗೆ ಬಣ್ಣಕ್ಕೆ ಒಂದು ರೂಪಾಯಿಯೂ ಬೇಡ.

ಸೋದರಮಾವನ ಮನೆ ಇಂಥದ್ದೇ. ಅಲ್ಲಿ ನಾವು ಮಾಡಿದ್ದು ಎರಡೇ ಕೆಲಸ. ಹಿತ್ತಲಲ್ಲಿ ಇಪ್ಪತ್ತು ವರ್ಷದಿಂದ ಬೆಳೆದಿದ್ದ ಗಿಡಗಂಟಿ ಕಡಿಸಿ, ಹದ್ದಿನ (ಗಡಿಯ) ಕಲ್ಲುಗಳು ಕಾಣುವ ಹಾಗೆ ಮಾಡಿದೆವು. ಟೇಪು ಹಿಡಿದು ಜಾಗ ಅಳೆಸಿ, ಉತಾರದಲ್ಲಿದ್ದ (ಸರ್ಕಾರಿ ಆಸ್ತಿ ದಾಖಲೆಯಲ್ಲಿದ್ದ) ಅಳತೆಗೆ ತಾಳೆ ನೋಡಿದೆವು. ಎರಡೂ ಸೇರಿ 7,000 ರೂಪಾಯಿ ಆಗಿರಬಹುದು. ಕೊಳ್ಳುವವರು ಬಂದವರೇ ಹಿತ್ತಲಿಗೆ ಹೋಗಿ ನಾಲ್ಕೂ ಮೂಲೆ ನೋಡಿದರು. ಒಳಗೆ ಅಡುಗೆಮನೆಗೆ ಕಾಲಿಡಲೇ ಇಲ್ಲ.

ಎರಡನೆಯವರು ಬಾಡಿಗೆಗೆ ಕೊಡಲು ಕೊಳ್ಳುವವರು. ಧಾರವಾಡದ ಸಪ್ತಾಪುರದಂಥ ಕಡೆ ಇವರು ಜಾಸ್ತಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗ-ಹುಡುಗಿಯರು ಅಲ್ಲಿ ತುಂಬಿದ್ದಾರೆ. ಕೊಳ್ಳುವವರಿಗೆ ಬೇಕಿರುವುದು ಬೇರೆ ಮೆಟ್ಟಿಲು, ಬೇರೆ ಮೀಟರ್, ಕೋಣೆಗೊಂದು ಬಚ್ಚಲು. ಅಮೃತಶಿಲೆ ಹಾಸಿದರೂ ಬಾಡಿಗೆ ಏರುವುದಿಲ್ಲ ಅಂತ ಅವರಿಗೆ ಗೊತ್ತು. ಇವರ ಮುಂದೆ ಹೊಸ ಬಣ್ಣಕ್ಕಿಂತ ಈಗ ಬರುತ್ತಿರುವ ಬಾಡಿಗೆಯ ಕರಾರು ಪತ್ರ ಇಡುವುದು ಒಳ್ಳೆಯದು.

ಮೂರನೆಯವರು ಇರಲು ಕೊಳ್ಳುವವರು, ಅದೂ ಬ್ಯಾಂಕ್ ಸಾಲ ಮಾಡಿ. ಹುಬ್ಬಳ್ಳಿಯಲ್ಲಿ ರೈಲ್ವೆಯವರು, ಧಾರವಾಡದಲ್ಲಿ ಕಾಲೇಜು, ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠದ ಕೆಲಸದವರು. ನವನಗರ, ವಿದ್ಯಾನಗರ, ಗೋಕುಲ ರೋಡ್, ಕಲ್ಯಾಣನಗರದಂಥ ಬಡಾವಣೆಗಳ ಹದಿನೈದು-ಇಪ್ಪತ್ತೈದು ವರ್ಷದ ಮನೆಗೆ ಬರುವವರು ಹೆಚ್ಚಾಗಿ ಇವರೇ. ಖರ್ಚು ಮಾಡಬೇಕೋ ಬೇಡವೋ ಅನ್ನುವ ಪ್ರಶ್ನೆ ನಿಜವಾಗಿ ಏಳುವುದು ಇವರಿಗಾಗಿ. ಇವರ ಜೇಬಿನ ಲೆಕ್ಕ ಗೊತ್ತಾದರೆ ಉತ್ತರವೂ ಸಿಗುತ್ತದೆ.

60 ಲಕ್ಷದ ಮನೆ ಅಂತ ಇಟ್ಟುಕೊಳ್ಳಿ. 30 ಲಕ್ಷಕ್ಕಿಂತ ಜಾಸ್ತಿ, 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬ್ಯಾಂಕು ಮನೆಯ ಬೆಲೆಯ ಶೇ. 80ರವರೆಗೆ ಮಾತ್ರ ಕೊಡಬಹುದು. ಅಂದರೆ 48 ಲಕ್ಷ. ಉಳಿದ 12 ಲಕ್ಷ ಕೈಯಿಂದ. ಮೇಲೆ ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಗಿದೆ. ಎಲ್ಲ ಸೇರಿ ನಾಲ್ಕೂವರೆ ಲಕ್ಷದ ಹತ್ತಿರ. ಇದಕ್ಕೆ ಮನೆ ಸಾಲ ಸಿಗುವುದಿಲ್ಲ. ಹದಿನಾರೂವರೆ ಲಕ್ಷ ಕೈಯಿಂದ ಹಾಕಿದ ಕುಟುಂಬದ ಹತ್ತಿರ ಗೃಹಪ್ರವೇಶಕ್ಕೆ ದುಡ್ಡು ಉಳಿದರೆ ಹೆಚ್ಚು. ಕೀಲಿ ತಗೊಂಡು ನೇರವಾಗಿ ಬಂದು ಇರಬಹುದಾದ ಮನೆ ಅವರಿಗೆ ಬೇಕು.

ಆದರೆ ಇದಕ್ಕೆ ಇನ್ನೊಂದು ಮುಖ ಇದೆ. ಬ್ಯಾಂಕಿನ ಕಡೆಯಿಂದ ಮನೆಯ ಬೆಲೆ ಕಟ್ಟಲು ಬರುವ ವ್ಯಾಲ್ಯುಯರ್ ಜಾಗದ ರೇಟು, ಕಟ್ಟಡದ ಅಳತೆ, ಎಷ್ಟು ವರ್ಷ ಹಳೆಯದು, ಯಾವ ಬಗೆಯ ಕಟ್ಟಡ ಅಂತ ನೋಡುತ್ತಾರೆ. ನೀವು ಹೊಸದಾಗಿ ಹಚ್ಚಿದ ಬಣ್ಣಕ್ಕೆ, ಮಾಡ್ಯುಲರ್ ಕಿಚನ್ನಿಗೆ ಅವರ ವರದಿಯಲ್ಲಿ ಹೇಳಿಕೊಳ್ಳುವಂಥ ಬೆಲೆ ಸಿಗುವುದಿಲ್ಲ. 60 ಲಕ್ಷದ ಮನೆಯನ್ನು 5 ಲಕ್ಷ ಹಾಕಿ ಚಂದ ಮಾಡಿ 67 ಕೇಳಿದಿರಿ ಅಂತಿಟ್ಟುಕೊಳ್ಳಿ. ವ್ಯಾಲ್ಯುಯರ್ 60 ಅಂತಲೇ ಬರೆದರೆ ಸಾಲ ಸಿಗುವುದು ಅದೇ 48 ಲಕ್ಷ. ಮೇಲಿನ 7 ಲಕ್ಷ ಪೂರ್ತಿ ಕೊಳ್ಳುವವರ ಕೈಯಿಂದ ಬರಬೇಕು. ಮನೆ ಎಷ್ಟೇ ಇಷ್ಟವಾದರೂ ಅಷ್ಟು ದುಡ್ಡು ಅವರಲ್ಲಿ ಇಲ್ಲ. ನನ್ನ ಗ್ರಾನೈಟಿನ ಲೆಕ್ಕ ಮುರಿದು ಬಿದ್ದದ್ದು ಇಲ್ಲೇ.

ಸಣ್ಣ ಖರ್ಚು ಯಾವುದಕ್ಕೆ?

ಸಾಲ ಮಾಡಿ ಕೊಳ್ಳುವವರಿಗೆ ಬೇಕಿರುವುದು ಭರವಸೆ. ಈ ಮನೆ ಮುಂದಿನ ಎರಡು-ಮೂರು ವರ್ಷ ಕೈ ಕಚ್ಚುವುದಿಲ್ಲ ಅನ್ನುವ ಭರವಸೆ. ಅದು ಮೊದಲು ಬರುವುದು ನೀರಿನಿಂದ.

ಹುಬ್ಬಳ್ಳಿ-ಧಾರವಾಡದಲ್ಲಿ ಮನೆ ನೋಡಲು ಬಂದವರ ಮೊದಲ ಪ್ರಶ್ನೆ "ನೀರು ಎಷ್ಟ ದಿನಕ್ಕೊಮ್ಮೆ ಬರ್ತಾವ್ರೀ?" ಅಂತಲೇ. ಮಲಪ್ರಭೆಯ ನೀರು ಸವದತ್ತಿಯ ಕಡೆಯಿಂದ ಬರುತ್ತದೆ. ಅವಳಿ ನಗರದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಕೊಡುವ ಯೋಜನೆ ಬಂತು. ಉಳಿದ ಎಷ್ಟೋ ಓಣಿಗಳ ಜನ ಇಷ್ಟು ದಿನಕ್ಕೊಮ್ಮೆ ಅಂತ ಎಣಿಸಿಕೊಂಡೇ ಬದುಕಿದವರು. ಆ ನೆನಪು ಸುಲಭಕ್ಕೆ ಹೋಗುವುದಿಲ್ಲ. ಸಂಪು ಎಷ್ಟು ಲೀಟರಿನದು, ಬೋರ್ ಇದೆಯಾ, ಬೇಸಿಗೆಯಲ್ಲಿ ಎಷ್ಟು ನೀರು ಕೊಡುತ್ತದೆ, ಇದಕ್ಕೆ ಚೊಕ್ಕ ಉತ್ತರ ಇರಬೇಕು. ಸಂಪು ಖಾಲಿ ಮಾಡಿ ತೊಳೆಸಿ, ಬಿರುಕು ಇದ್ದರೆ ಮುಚ್ಚಿಸಿ, ಕಬ್ಬಿಣದ ಮುಚ್ಚಳ ತುಕ್ಕು ಹಿಡಿದಿದ್ದರೆ ಬದಲಿಸಿ. ಸೋರುವ ನಲ್ಲಿಗಳ ವಾಶರ್, ಫ್ಲಶ್ ಟ್ಯಾಂಕಿನ ಒಳಗಿನ ಸಾಮಾನು, ಮಾಳಿಗೆಯ ಟ್ಯಾಂಕಿನ ಫ್ಲೋಟ್ ವಾಲ್ವ್ ಎಲ್ಲ ಹೊಸದು ಹಾಕಿಸಿ. ಪ್ಲಂಬರ್ ಒಬ್ಬ ಒಂದು ದಿನದಲ್ಲಿ ಮುಗಿಸುವ ಕೆಲಸ. ಮನೆ ತೋರಿಸುವಾಗ ನಾನೇ ಹೋಗಿ ನಲ್ಲಿ ತಿರುಗಿಸಿ ತೋರಿಸುತ್ತಿದ್ದೆ. ಜೋರಾಗಿ ಬೀಳುವ ನೀರಿನ ಸದ್ದು ಹೊಸ ಬಣ್ಣಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಆಮೇಲೆ ಮಾಳಿಗೆ. ಸೋರುತ್ತದೆ ಅಂದ ಕೂಡಲೇ ದುಬಾರಿ ವಾಟರ್‌ಪ್ರೂಫಿಂಗ್ ಮಾಡಿಸಲು ಹೋಗಬೇಡಿ. ಎಷ್ಟೋ ಸಲ ಕಾರಣ ನೀರು ಹೋಗುವ ತೂತಿನಲ್ಲಿ ಸಿಕ್ಕಿಕೊಂಡ ಎಲೆ ಮತ್ತು ಮಣ್ಣು, ಇಲ್ಲವೇ ಪ್ಯಾರಾಪೆಟ್ ಗೋಡೆ ಮಾಳಿಗೆಗೆ ಕೂಡುವ ಮೂಲೆಯ ಬಿರುಕು. ತೂತು ಚೊಕ್ಕ ಮಾಡಿ, ಬಿರುಕು ತುಂಬಿಸಿ. ಆಮೇಲೆ ತೂತುಗಳನ್ನು ಬಟ್ಟೆಯಿಂದ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಒಂದು ದಿನ ಬಿಟ್ಟು ಒಳಗಿನ ಛತ್ತು ನೋಡಿ. ಕಲೆ ಬರದಿದ್ದರೆ ಅಷ್ಟು ಸಾಕು. ಬಂದರೆ ಆ ಭಾಗಕ್ಕೆ ಮಾತ್ರ ಖರ್ಚು ಮಾಡಿ.

ಬಿರುಕಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮದು ಎರಿ ಮಣ್ಣಿನ ಸೀಮೆ. ಹುಬ್ಬಳ್ಳಿ, ನವಲಗುಂದ, ಗದಗದ ಕಡೆ ಕರಿ ಎರಿ ನೆಲ ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. ಪಾಯ ಆಳಕ್ಕೆ ಹೋಗಿರದಿದ್ದರೆ ಮೇಲಿನ ಮನೆಯೂ ಅದರ ಜೊತೆ ಏರಿಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಮಳೆಗಾಲ ಬಂದರೆ ಕಚ್ಚಿಕೊಳ್ಳುವ ಬಾಗಿಲು, ಇವೆಲ್ಲ ಅದರ ಗುರುತು. ಇಂಥ ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಹಚ್ಚಿದರೆ ಮುಂದಿನ ಬೇಸಿಗೆಗೆ ಅದೇ ಜಾಗದಲ್ಲಿ ತೆರೆಯುತ್ತದೆ. ಗಿಲಾವಿನ ಮೇಲೆ ಕೂದಲೆಳೆಯ ಹಾಗೆ ಓಡಿದ ಬಿರುಕು ಬೇರೆ, ಅದಕ್ಕೆ ಪುಟ್ಟಿ ಸಾಕು.

ಯಾವುದು ಯಾವುದು ಅಂತ ತಿಳಿಯಲು ಗೌಂಡಿ ಕಲಿಸಿಕೊಟ್ಟ ಉಪಾಯ ಇದು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಕಾಗದದ ಪಟ್ಟಿ ಗೋಂದು ಹಚ್ಚಿ ಅಂಟಿಸಿ. ಪೆನ್ಸಿಲಿನಲ್ಲಿ ತಾರೀಖು ಬರೆಯಿರಿ. ಎರಡು-ಮೂರು ತಿಂಗಳಲ್ಲಿ ಕಾಗದ ಹರಿದರೆ ಬಿರುಕು ಇನ್ನೂ ಜೀವಂತ ಇದೆ. ಹರಿಯದಿದ್ದರೆ ಎಂದೋ ಬಂದು ನಿಂತ ಬಿರುಕು. ಒಂದು ಮಳೆಗಾಲ ದಾಟಿಸಿ ನೋಡಲು ಆದರೆ ಇನ್ನೂ ಗಟ್ಟಿ. ನಿಂತ ಬಿರುಕಾದರೆ ಆ ಕಾಗದವನ್ನು ಹಾಗೇ ಬಿಟ್ಟು ಕೊಳ್ಳುವವರಿಗೆ ತೋರಿಸಿ. ಜೀವಂತ ಬಿರುಕಾದರೆ ಮುಚ್ಚಿಡಬೇಡಿ, ಎಂಜಿನಿಯರ್ ಒಬ್ಬರನ್ನು ಕರೆಸಿ ನೋಡಿಸಿ, ರಿಪೇರಿಗೆ ಆಗುವ ಖರ್ಚನ್ನು ರೇಟಿನಲ್ಲೇ ಬಿಟ್ಟುಕೊಡಿ. ಮನೆ ಕೊಂಡವರು ಸಾಲ ತೀರಿಸುತ್ತ ಇಪ್ಪತ್ತು ವರ್ಷ ಆ ಗೋಡೆಯ ಕೆಳಗೆ ಮಲಗುತ್ತಾರೆ. ಅವರಿಗೆ ಗೊತ್ತಿರಬೇಕು, ಅಲ್ವಾ?

ಇಷ್ಟೆಲ್ಲ ಆದ ಮೇಲೆ ಬಣ್ಣ. ಹೊರಗಿನ ಮುಂಭಾಗ ಮತ್ತು ಪಡಸಾಲೆಗೆ ಹಚ್ಚಿಸಿ, ತಿಳಿ ಬಣ್ಣ ಇರಲಿ. ಮಲಗುವ ಕೋಣೆಗಳು ತೀರಾ ಕೆಟ್ಟಿರದಿದ್ದರೆ ಒರೆಸಿ ಬಿಟ್ಟರೆ ನಡೆಯುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಹಚ್ಚಿಸಿದರೆ ಗೋಡೆ ಒಣಗಿರುತ್ತದೆ. ಮಳೆಗಾಲದಲ್ಲಿ ಹಸಿ ಗೋಡೆಗೆ ಹಚ್ಚಿಸಿದರೆ ನಮ್ಮ ಗೋಡೆಯ ಹಾಗೇ ಬಣ್ಣ ಉಬ್ಬಬಹುದು.

ಧಾರವಾಡದ ಹಳೆ ಮನೆಗಳಲ್ಲಿ ಇನ್ನೊಂದು ಕೆಲಸ ಇದೆ, ನನಗೆ ತುಂಬ ಇಷ್ಟವಾದದ್ದು. ಹಳಿಯಾಳ, ದಾಂಡೇಲಿಯ ಕಾಡು ಹತ್ತಿರ ಇದ್ದದ್ದರಿಂದ ಹಿಂದಿನವರು ಬಾಗಿಲು, ಚೌಕಟ್ಟಿಗೆ ಸಾಗವಾನಿಯನ್ನೇ ಬಳಸುತ್ತಿದ್ದರು. ಆಮೇಲೆ ದೀಪಾವಳಿಗೊಮ್ಮೆ ಅದರ ಮೇಲೆ ಆಯಿಲ್ ಪೇಂಟ್ ಬಿದ್ದು ಬಿದ್ದು ಮರ ಕಾಣದಾಯಿತು. ನಮ್ಮ ಮುಂಬಾಗಿಲ ಚೌಕಟ್ಟೂ ಹಾಗೇ ಇತ್ತು. ಬಡಿಗ ಒಂದು ಮಧ್ಯಾಹ್ನ ಕೂತು ಹೆರೆದ. ಮೊದಲು ಹಸಿರು ಪದರ ಎದ್ದಿತು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು. ಕೊನೆಗೆ ಜೇನು ಬಣ್ಣದ ಮರ, ಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆಗಳು. ಮರಳು ಕಾಗದ ತಿಕ್ಕಿ ಪಾಲಿಶ್ ಹೊಡೆದದ್ದಕ್ಕೆ ಎಲ್ಲ ಸೇರಿ 4,500 ರೂಪಾಯಿ. ಆಮೇಲೆ ಮನೆ ನೋಡಲು ಬಂದವರಲ್ಲಿ ಆ ಚೌಕಟ್ಟು ಮುಟ್ಟದೆ ಒಳಗೆ ಬಂದವರು ಕಡಿಮೆ.

ದೊಡ್ಡ ಖರ್ಚು ಯಾಕೆ ಬೇಡ

ಅಡುಗೆಮನೆ, ಎರಡು ಬಚ್ಚಲು, ನೆಲದ ಟೈಲ್ಸ್ ಎಲ್ಲ ಸೇರಿ ನನಗೆ ಸಿಕ್ಕ ಕೊಟೇಶನ್ 4 ಲಕ್ಷ 75 ಸಾವಿರ. ಬ್ಯಾಂಕಿನ ಲೆಕ್ಕ ಆಗಲೇ ಹೇಳಿದೆ. ಅದರ ಜೊತೆ ರುಚಿಯ ಮಾತೂ ಇದೆ. ನೀವು ಆರಿಸಿದ ಟೈಲ್ಸ್ ಅವರಿಗೆ ಹಿಡಿಸದೇ ಇರಬಹುದು. ವಾಸ್ತು ನೋಡುವವರಾದರೆ ಒಲೆ ಆಗ್ನೇಯಕ್ಕೆ ಬರಬೇಕು ಅಂತ ನಿಮ್ಮ ಹೊಸ ಗ್ರಾನೈಟ್ ಕಟ್ಟೆಯನ್ನೇ ಒಡೆಸಬಹುದು.

ಹಳೆ ಶಹಾಬಾದಿ ಫರ್ಸಿಯ (ಕಲ್ಲಿನ ಹಾಸಿನ) ಮೇಲೆ ಟೈಲ್ಸ್ ಹಾಕಿಸುವುದಂತೂ ನನಗೆ ಸರಿ ಕಾಣುವುದಿಲ್ಲ. ಬೇಸಿಗೆಯಲ್ಲಿ ಅದರ ತಂಪು ಟೈಲ್ಸಿಗೆ ಎಲ್ಲಿ ಬರಬೇಕು? ಸಂದುಗಳ ಹಳೆ ಸಿಮೆಂಟ್ ಕೆರೆದು ಹೊಸದು ತುಂಬಿಸಿ, ಮಷೀನ್ ಪಾಲಿಶ್ ಮಾಡಿಸಿದರೆ ಖರ್ಚಿನ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಮೊಸಾಯಿಕ್ ನೆಲಕ್ಕೂ ಇದೇ ಮಾತು.

ದೊಡ್ಡ ಖರ್ಚಿಗೆ ಒಂದೇ ವಿನಾಯಿತಿ: ಮನೆಯಲ್ಲಿ ಏನೋ ಇಲ್ಲವೇ ಇಲ್ಲ ಅನ್ನುವಂತಿದ್ದರೆ. ಕಮೋಡ್ ಇಲ್ಲದ ಮನೆಗೆ ಒಂದು ಕಮೋಡ್ ಹಾಕಿಸಿ, ವಯಸ್ಸಾದವರಿರುವ ಕುಟುಂಬಗಳು ಇದನ್ನು ಕೇಳಿಯೇ ಕೇಳುತ್ತವೆ. ಹಳೆ ಅಲ್ಯೂಮಿನಿಯಂ ವೈರಿಂಗ್ ಇದ್ದರೆ ಬದಲಿಸಿ. ಹೊಸ ವೈರಿಂಗಿನ ಬಿಲ್ಲು ಕೈಯಲ್ಲಿ ಹಿಡಿದು ತೋರಿಸಿದರೆ ಅದು ಅಂದಕ್ಕೆ ಮಾಡಿದ ಕೆಲಸ ಅಲ್ಲ ಅಂತ ಎಲ್ಲರಿಗೂ ಅರ್ಥವಾಗುತ್ತದೆ.

ಫ್ಲಾಟ್ ಆದರೆ ಲೆಕ್ಕ ಬೇರೆ

ತಂಗಿಯ ಫ್ಲಾಟ್ ಹುಬ್ಬಳ್ಳಿಯಲ್ಲಿ, ಹನ್ನೆರಡು ವರ್ಷ ಹಳೆಯ ಅಪಾರ್ಟ್‌ಮೆಂಟಿನಲ್ಲಿ. ಅದೇ ಕಟ್ಟಡದಲ್ಲಿ ಇನ್ನೊಂದು ಫ್ಲಾಟೂ ಮಾರಾಟಕ್ಕಿತ್ತು. ಎರಡಕ್ಕೂ ಅಳತೆ ಒಂದೇ, ಜಾಗದ ಪಾಲು ಒಂದೇ, ನೀರು ಒಂದೇ, ಲಿಫ್ಟ್ ಒಂದೇ. ಬಂದವರು ಒಂದೇ ಸಂಜೆ ಎರಡನ್ನೂ ನೋಡಿ ಹೋಗುತ್ತಾರೆ. ಅವರಿಗೆ ಕಾಣುವ ವ್ಯತ್ಯಾಸ ಒಳಗಿನ ಬೆಳಕು, ಬಣ್ಣ, ಬಚ್ಚಲಿನ ಚೊಕ್ಕತನ. ಇಲ್ಲಿ ಬಣ್ಣದ ದುಡ್ಡು ವಾಪಸ್ ಬರುತ್ತದೆ.

ತಂಗಿ 85,000 ಖರ್ಚು ಮಾಡಿದಳು. ಒಳಗೆ ಪೂರ್ತಿ ಬಣ್ಣ, ಎಲ್ಲ ಕೋಣೆಗೂ ಎಲ್‌ಇಡಿ ದೀಪ, ಬಚ್ಚಲಿನ ಟೈಲ್ಸ್ ಸಂದಿಗೆ ಹೊಸ ಗ್ರೌಟ್, ಬಾಲ್ಕನಿಯ ಗ್ರಿಲ್ಲಿಗೆ ಬಣ್ಣ. ಟೈಲ್ಸ್ ಮುಟ್ಟಲಿಲ್ಲ, ಕಿಚನ್ ಮುಟ್ಟಲಿಲ್ಲ. ಐದು ವಾರದಲ್ಲಿ, ಕೇಳಿದ ರೇಟಿಗೆ 50,000 ಮಾತ್ರ ಕಡಿಮೆ ಮಾಡಿ ಸಂಚಕಾರ (ಮುಂಗಡ) ಆಯಿತು. ಇನ್ನೊಂದು ಫ್ಲಾಟ್ ಆಗಲೂ ಖಾಲಿ ಇತ್ತು.

ಸಮಯಕ್ಕೂ ಬೆಲೆ ಕಟ್ಟಿ ನೋಡಿ. 60 ಲಕ್ಷ ಬ್ಯಾಂಕಿನಲ್ಲಿದ್ದು ಶೇ. 6.5 ಬಡ್ಡಿ ಬರುತ್ತದೆ ಅಂತ ಹಿಡಿದರೆ ತಿಂಗಳಿಗೆ 32,500 ರೂಪಾಯಿ. ಮನೆ ಮೂರು ತಿಂಗಳು ತಡವಾಗಿ ಹೋದರೆ ಒಂದು ಲಕ್ಷದ ಹತ್ತಿರ ಹೋದ ಹಾಗೆ. ಸಣ್ಣ ಖರ್ಚಿನಿಂದ ರೇಟು ಏರದಿದ್ದರೂ ಮಾರಾಟ ಬೇಗ ಆದರೆ ಲಾಭವೇ. ದೊಡ್ಡ ಖರ್ಚಿನಲ್ಲಿ ಇದೇ ಲೆಕ್ಕ ತಿರುಗಿ ಬೀಳುತ್ತದೆ, ಯಾಕೆಂದರೆ ಕೆಲಸ ಮುಗಿಯಲಿಕ್ಕೇ ಮೂರು ತಿಂಗಳು ಬೇಕು.

ಬಣ್ಣಕ್ಕಿಂತ ಮೊದಲು ಕಾಗದ

ಕೈಯಲ್ಲಿ 50,000 ಮಾತ್ರ ಇದೆ ಅನ್ನುವವರು ಅದನ್ನು ಮೊದಲು ಕಾಗದಪತ್ರಕ್ಕೆ ಇಡಿ. ಇ-ಖಾತೆ (ಆನ್‌ಲೈನ್ ಆಸ್ತಿ ದಾಖಲೆ) ಇಲ್ಲದೆ ಈಗ ನೋಂದಣಿ ಮುಂದಕ್ಕೆ ಹೋಗುವುದಿಲ್ಲ. ಉತಾರದಲ್ಲಿ ಇನ್ನೂ ತೀರಿಕೊಂಡ ತಂದೆಯ ಹೆಸರೇ ಇದ್ದರೆ ವಾರಸಾ ಆಗಬೇಕು, ಅಂದರೆ ವಾರಸುದಾರರ ಹೆಸರಿಗೆ ಬದಲಾಗಬೇಕು. ಅಕ್ಕ-ತಂಗಿಯರ ಸಹಿ ಬೇಕು. ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿಯ ನಂತರ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಇದೆ. ಅದು ಅವರ ಹಕ್ಕು. ಮಾರುವ ಮಾತು ಎತ್ತುವ ಮೊದಲೇ ಅವರನ್ನು ಕೂರಿಸಿಕೊಂಡು ಮಾತಾಡಿ. ವಾಟ್ನಿ (ಪಾಲು) ಪತ್ರ, ಕರದ ರಸೀದಿಗಳು, ಕಟ್ಟಡದ ಮಂಜೂರಾದ ನಕ್ಷೆ, ಋಣಭಾರ ಪತ್ರ, ಹಳೆ ಸಾಲ ತೀರಿದ್ದರೆ ಬೋಜಾ (ಆಸ್ತಿಯ ಮೇಲಿನ ಸಾಲದ ನಮೂದು) ಇಳಿಸಿದ ದಾಖಲೆ, ಎಲ್ಲದರ ಜೆರಾಕ್ಸ್ ಒಂದು ಫೈಲಿನಲ್ಲಿ ಇರಲಿ. ನಮ್ಮ ಮನೆಯನ್ನು ಕೊನೆಗೆ ಕೊಂಡವರು ಆ ಫೈಲು ನೋಡಿ ಹತ್ತು ನಿಮಿಷ ಮಾತಾಡಲಿಲ್ಲ, ಪುಟ ಮಗುಚುತ್ತಲೇ ಇದ್ದರು. ಆಮೇಲೆ ಅವರು ಕೇಳಿದ್ದು ಒಂದೇ, "ಸಂಚಕಾರ ಯಾವಾಗ ಕೊಡ್ಲಿ?"

ಸಂಚಕಾರದ ಮಾತು ಬಂತು ಅಂತ ಹೇಳುತ್ತೇನೆ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದಿನಲ್ಲಿ ತಗೊಳ್ಳಬೇಡಿ. ಆದಾಯ ತೆರಿಗೆ ಕಾನೂನಿನಲ್ಲಿ ತಗೊಂಡಷ್ಟೇ ಮೊತ್ತದ ದಂಡ ಬೀಳಬಹುದು. ಖರ್ಚಿನ ಬಿಲ್ಲುಗಳಿಗೂ ತೆರಿಗೆಯ ನಂಟು ಇದೆ. ಎರಡು ವರ್ಷಕ್ಕಿಂತ ಹೆಚ್ಚು ನಿಮ್ಮ ಹೆಸರಲ್ಲಿದ್ದ ಮನೆ ಮಾರಿದ ಲಾಭಕ್ಕೆ ಶೇ. 12.5 ತೆರಿಗೆ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ ಬೆಲೆಯೇರಿಕೆ ಕಳೆದು ಶೇ. 20ರ ಲೆಕ್ಕವನ್ನೂ ಹಾಕಿ, ಎರಡರಲ್ಲಿ ಕಡಿಮೆ ಇದ್ದದ್ದನ್ನು ಕಟ್ಟಬಹುದು. ಹೊಸ ಕೋಣೆ, ಬೋರ್‌ವೆಲ್, ಕಾಂಪೌಂಡ್ ಗೋಡೆಯಂಥ ಕೆಲಸದ ಖರ್ಚನ್ನು ಲಾಭದಿಂದ ಕಳೆಯಬಹುದು. ಬಣ್ಣ, ಸಣ್ಣಪುಟ್ಟ ರಿಪೇರಿಗೆ ಆ ಸೌಲಭ್ಯ ಇಲ್ಲ. ಹಳೆ ಬಿಲ್ಲುಗಳಿದ್ದರೆ ಹುಡುಕಿ ತೆಗೆದು, ಮಾರುವ ಮೊದಲೇ ಆಡಿಟರ್ ಹತ್ತಿರ ಒಮ್ಮೆ ಕೂತುಕೊಳ್ಳಿ.

ತೋರಿಸುವ ಕಾಲ

ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ನಮ್ಮ ಜನ ಸಂಚಕಾರ ಕೊಡುವುದಿಲ್ಲ. ಆ ದಿನಗಳನ್ನು ರಿಪೇರಿಗೆ, ಕಾಗದಕ್ಕೆ ಇಟ್ಟುಕೊಳ್ಳಿ. ಯುಗಾದಿಯಿಂದ ಬಸವ ಜಯಂತಿಯವರೆಗೆ, ಮತ್ತೆ ದಸರೆಯಿಂದ ದೀಪಾವಳಿಯವರೆಗೆ ಜನ ಬರುತ್ತಾರೆ. ಮಕ್ಕಳ ಶಾಲೆಗಾಗಿ ಊರು ಬದಲಿಸುವವರು ಜೂನಿಗೆ ಮೊದಲೇ ಮನೆ ಹುಡುಕುತ್ತಾರೆ. ಮಳೆಗಾಲದಲ್ಲಿ ತೋರಿಸಬೇಡಿ ಅಂತ ಏಜೆಂಟರು ಹೇಳುತ್ತಾರೆ. ರಿಪೇರಿ ಸರಿಯಾಗಿ ಮಾಡಿಸಿದ್ದರೆ ಮಳೆಗಾಲದಲ್ಲೇ ತೋರಿಸಿ ಅಂತ ನಾನು ಹೇಳುತ್ತೇನೆ. ಜುಲೈ ಮಳೆಯಲ್ಲಿ ಒಣಗಿರುವ ಗೋಡೆಗಿಂತ ಒಳ್ಳೆಯ ಸಾಕ್ಷಿ ಬೇರೆ ಯಾವುದಿದೆ?

ಬಣ್ಣ ಹಚ್ಚಿಸದೆ ತೋರಿಸಿದಿರಿ, ರೇಟು ಕೂಡಿತು, ಕೊನೆ ಗಳಿಗೆಯಲ್ಲಿ "ಬಣ್ಣ ಮಾಡ್ಸಿ ಕೊಡ್ರೀ" ಅಂತ ಅವರು ಕೇಳಿದರು ಅಂತಿಟ್ಟುಕೊಳ್ಳಿ. ಆಗ ಬಣ್ಣದ ಕೆಲಸ ಮೈಮೇಲೆ ಹಾಕಿಕೊಳ್ಳಬೇಡಿ. ಮೊದಲೇ ಪೇಂಟರ್ ಹತ್ತಿರ ಒಂದು ಎಸ್ಟಿಮೇಟ್ ಬರೆಸಿ ಫೈಲಿನಲ್ಲಿ ಇಟ್ಟಿರಿ. ಅದನ್ನು ಅವರ ಮುಂದೆ ಇಟ್ಟು, "ಇದು 60,000ದ ಕೆಲಸ. ಇಷ್ಟು ರೇಟಿನ್ಯಾಗ ಬಿಡ್ತೀನಿ, ನಿಮಗ ಬೇಕಾದ ಬಣ್ಣ ನೀವೇ ಹಚ್ಚಿಸ್ಕೊಳ್ರಿ" ಅನ್ನಿ. ಎಸ್ಟಿಮೇಟ್ ಇಲ್ಲದೆ ಬರೀ ಬಾಯಿಮಾತಲ್ಲಿ ನಡೆದರೆ ಅದೇ ಬಣ್ಣಕ್ಕೆ ಅವರು ಒಂದೂವರೆ ಲಕ್ಷ ಹಿಡಿಯುತ್ತಾರೆ.